ನಲವತ್ತೈದರ ಮುಖಕ್ಕೆ ಎಷ್ಟು ಬಾಟ್ಲಿ ಬೇಕು?

ವಯಸ್ಸು ನಲವತ್ತೈದರ ಹತ್ರ ಬಂದ್ಮೇಲೆ ಫ್ರೆಂಡ್ಸೆಲ್ಲ ಕೇಳೋದು ಒಂದೇ, ಯಾವ ಕ್ರೀಮ್ ಹಚ್ತೀಯಾ ಅಂತ. ಸನ್‌ಸ್ಕ್ರೀನ್ ಅಂದ್ರೆ ಮುಖ ಸಪ್ಪಗೆ ಮಾಡ್ಕೊಂಡು "ಅದು ಬಿಡೇ, ರಾತ್ರಿ ಏನ್ ಹಚ್ತೀಯಾ ಹೇಳು" ಅಂತಾರೆ. ಸೀರಮ್‌ಗಳಿಗೆ ಸಿಗೋ ಮರ್ಯಾದೆ ಪಾಪ ಸನ್‌ಸ್ಕ್ರೀನ್‌ಗೆ ಇನ್ನೂ ಸಿಕ್ಕಿಲ್ಲ.

ಆದ್ರೆ ಸುಕ್ಕು, ಕಲೆ, ಚರ್ಮ ಒರಟಾಗೋದು ಇದ್ರಲ್ಲೆಲ್ಲ ಬಿಸಿಲಿನ ಪಾಲು ಬಹಳ ದೊಡ್ಡದು. ನಂಬಿಕೆ ಬರ್ಲಿಲ್ಲ ಅಂದ್ರೆ ಯಾವಾಗ್ಲೂ ಬಟ್ಟೆ ಒಳಗೇ ಇರೋ ತೋಳಿನ ಒಳಭಾಗ ನೋಡ್ಕೊಳ್ಳಿ, ಆಮೇಲೆ ಕೈ ಮೇಲಿನ ಚರ್ಮ ನೋಡಿ, ಎರಡೂ ಹುಟ್ಟಿದ್ದು ಒಂದೇ ದಿನ ತಾನೇ? 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 69 ವರ್ಷದ ಒಬ್ಬ ಟ್ರಕ್ ಡ್ರೈವರ್ ಫೋಟೋ ಬಂದಿತ್ತು, 28 ವರ್ಷ ಗಾಡಿ ಓಡಿಸಿದ್ದ ಮನುಷ್ಯ, ಕಿಟಕಿ ಕಡೆ ಇದ್ದ ಎಡಗೆನ್ನೆ ಪೂರ್ತಿ ಆಳವಾದ ಸುಕ್ಕು, ಬಲಗಡೆ ನೋಡಿದ್ರೆ ಬೇರೆ ಯಾರದ್ದೋ ಮುಖ ಅನ್ಸುತ್ತೆ. ಬಿಸಿಲಲ್ಲಿ ನಮ್ಮನ್ನ ಮುಟ್ಟೋ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಎರಡು ಬಗೆ, ಯುವಿಬಿ ಮತ್ತೆ ಯುವಿಎ. ಗಾಜು ಯುವಿಬಿಯನ್ನ ಬಹುಪಾಲು ತಡೆಯುತ್ತೆ, ಚರ್ಮದ ಆಳಕ್ಕೆ ಇಳಿದು ಕೊಲಾಜನ್ (ಚರ್ಮವನ್ನ ಬಿಗಿಯಾಗಿ ಹಿಡಿದಿಡೋ ಪ್ರೋಟೀನ್) ಹಾಳು ಮಾಡೋ ಯುವಿಎಯನ್ನ ಒಳಗೆ ಬಿಟ್ಬಿಡುತ್ತೆ. ಹಾಗಾಗಿ ಮನೇಲೇ ಇರ್ತೀನಲ್ಲ ಅನ್ನೋರು ಕಿಟಕಿ ಪಕ್ಕ ಕೂತು ಕೆಲಸ ಮಾಡೋರಾದ್ರೆ ಅವ್ರಿಗೂ ಸನ್‌ಸ್ಕ್ರೀನ್ ಬೇಕು.

ಸನ್‌ಸ್ಕ್ರೀನ್ ಮೇಲೆ ಬರೆದಿರೋ ಎಸ್‌ಪಿಎಫ್ ನಂಬರ್ 30 ಆದ್ರೆ ಸುಮಾರು 97% ಯುವಿಬಿ ತಡೆಯುತ್ತೆ, 50 ಆದ್ರೆ 98%, ಅದಕ್ಕೇ ನಂಬರ್ ಬಗ್ಗೆ ಜಗಳ ಆಡೋದಕ್ಕಿಂತ ಎಷ್ಟು ಹಚ್ತೀರಿ ಅನ್ನೋದು ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು, ಮುಖ ಕತ್ತು ಎರಡಕ್ಕೂ ಸೇರಿ. ಬಹಳ ಜನ ಇದ್ರಲ್ಲಿ ಕಾಲುಭಾಗ ಹಚ್ಕೊಂಡು ಸನ್‌ಸ್ಕ್ರೀನ್ ಕೆಲಸ ಮಾಡಲ್ಲ ಅಂತಾರೆ. ಭಂಗು ಇರೋರು ಐರನ್ ಆಕ್ಸೈಡ್ ಇರೋ ಟಿಂಟೆಡ್ (ಚರ್ಮದ ಬಣ್ಣದ) ಸನ್‌ಸ್ಕ್ರೀನ್ ತಗೊಳ್ಳಿ, ಕಣ್ಣಿಗೆ ಕಾಣೋ ಬೆಳಕೂ ಭಂಗನ್ನ ಜಾಸ್ತಿ ಮಾಡುತ್ತೆ, ಮಾಮೂಲಿ ಬಿಳಿ ಕ್ರೀಮ್ ಅದನ್ನ ಅಷ್ಟಾಗಿ ತಡೆಯಲ್ಲ.

ಇನ್ನು ಹಾರ್ಮೋನ್ ವಿಷಯ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿದಾಗ ಚರ್ಮದ ಕೊಲಾಜನ್ನೂ ಇಳಿಯುತ್ತೆ, ಮುಟ್ಟು ನಿಂತ ಮೊದಲ ಐದು ವರ್ಷದಲ್ಲೇ ಸುಮಾರು 30% ಹೋಗುತ್ತೆ ಅಂತ ಲೆಕ್ಕ. ಎಣ್ಣೆ ಗ್ರಂಥಿಗಳೂ ನಿಧಾನ ಆಗ್ತವೆ, ಮೊದಲು ಜಿಡ್ಡುಮುಖ ಅಂತ ಗೋಳಾಡ್ತಿದ್ದೋರಿಗೇ ಈಗ ಸ್ನಾನ ಆದ್ಮೇಲೆ ಚರ್ಮ ಎಳೆಯೋದು, ಕೆರೆತ ಎಲ್ಲ ಶುರು. ಆಗ ಆ ಹಳೇ ನೊರೆ ನೊರೆ ಫೇಸ್‌ವಾಶ್ ಬಿಟ್ಬಿಡಿ, ನೀರು ಉಗುರುಬೆಚ್ಚಗಿರ್ಲಿ, ಮೈ ಇನ್ನೂ ಒದ್ದೆ ಇರೋವಾಗ್ಲೇ ಗ್ಲಿಸರಿನ್, ಸೆರಮೈಡ್ ಇರೋ ಮಾಯಿಶ್ಚರೈಸರ್ ಹಚ್ಚಿ. ಕೊಲಾಜನ್ ಕ್ರೀಮ್ ಅಂತ ದುಬಾರಿ ಡಬ್ಬಿ ಕೊಳ್ಳೋರಿಗೆ ಒಂದು ಮಾತು, ಕೊಲಾಜನ್ ಅಣು ಚರ್ಮದೊಳಗೆ ಇಳಿಯೋಕಾಗದಷ್ಟು ದೊಡ್ಡದು, ನಿಮಗೆ ಸಿಗೋದು ಬರೀ ಮಾಯಿಶ್ಚರೈಸರ್ ಲಾಭ.

ಹಾಗಾದ್ರೆ ರಾತ್ರಿ ಏನ್ ಹಚ್ಚೋದು? ರೆಟಿನಾಯ್ಡ್, ಅಂದ್ರೆ ವಿಟಮಿನ್ ಎ ವಂಶದ ಔಷಧಿ. ಇದ್ರಲ್ಲಿ ಡಾಕ್ಟರ್ ಬರೆದುಕೊಡೋ ಟ್ರೆಟಿನಾಯಿನ್ ಮೊದಲು ಬಂದಿದ್ದು ಮೊಡವೆಗೆ, ಅಮೆರಿಕದಲ್ಲಿ 1971ರಲ್ಲಿ ಒಪ್ಪಿಗೆ ಸಿಕ್ತು, ಹಚ್ಕೊಂಡವರ ಸುಕ್ಕೂ ಕಮ್ಮಿ ಆಗ್ತಿರೋದು ಆಮೇಲೆ ಗಮನಕ್ಕೆ ಬಂದು 1995ರಲ್ಲಿ ಅದಕ್ಕೂ ಒಪ್ಪಿಗೆ ಕೊಟ್ರು. ಡಾಕ್ಟರ್ ಚೀಟಿ ಇಲ್ದೆ ಸಿಗೋ ರೆಟಿನಾಲ್ ಇದೇ ವಂಶದ್ದು, ಶಕ್ತಿ ಕಮ್ಮಿ. ಹಚ್ಚೋ ರೀತಿ ಮಾತ್ರ ಸರಿಯಾಗಿರ್ಬೇಕು: ಮುಖ ಪೂರ್ತಿ ಒಣಗಿರ್ಬೇಕು, ಇಡೀ ಮುಖಕ್ಕೆ ಸೇರಿ ಒಂದು ಬಟಾಣಿಯಷ್ಟು, ಹಣೆಗೊಂದು ಕೆನ್ನೆಗೊಂದೊಂದು ಗದ್ದಕ್ಕೊಂದು ಚುಕ್ಕೆ ಇಟ್ಟು ಹರಡಿ, ಮೂಗಿನ ಪಕ್ಕದ ಸಂದು, ತುಟಿಯ ಮೂಲೆ, ಕಣ್ಣ ರೆಪ್ಪೆ ಬಿಟ್ಟು. ಸಿಪ್ಪೆ ಏಳೋದು ಮೊದಲು ಆ ಸಂದಲ್ಲೇ, ಅಲ್ಲಿಗೆ ಸ್ವಲ್ಪ ವ್ಯಾಸಲಿನ್ ಮೊದಲೇ ಸವರಿಟ್ಟುಕೊಳ್ಳಿ. ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ, ಚರ್ಮ ಒಗ್ಗಿದ ಹಾಗೆ ಹೆಚ್ಚಿಸಿ, ಮೂರು ತಿಂಗಳಾದ್ರೂ ಕಾಯದೆ ಕನ್ನಡಿ ಜೊತೆ ಜಗಳಕ್ಕೆ ಇಳೀಬೇಡಿ. ಬಸುರಿ ಇದ್ರೆ, ಆಗೋ ಪ್ಲಾನ್ ಇದ್ರೆ ಬೇಡವೇ ಬೇಡ, ಪೀರಿಯಡ್ಸ್ ಏರುಪೇರಾಗಿದೆ ಅಂದ ಮಾತ್ರಕ್ಕೆ ಇನ್ನು ಆ ಚಾನ್ಸ್ ಇಲ್ಲ ಅಂತಾನೂ ಅಂದ್ಕೋಬೇಡಿ.

ಒಂದೇ ವಾರದಲ್ಲಿ ಮುಖ ಬೆಳ್ಳಗೆ ಹೊಳಿಯೋ ಹಾಗೆ ಮಾಡೋ ಕ್ರೀಮ್ ಕಂಡ್ರೆ ನನಗಂತೂ ಭಯ. ಟ್ಯೂಬ್ ಮೇಲೆ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಇದ್ಯಾ ಅಂತ ಓದಿ, ಇವೆಲ್ಲ ಸ್ಟೆರಾಯ್ಡ್, ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಕಾಣ್ತವೆ, ಮೊಡವೆ ಏಳ್ತವೆ, ನಿಲ್ಲಿಸಿದ್ರೆ ಉರಿ. ಈಗಾಗ್ಲೇ ಹಚ್ತಾ ಇರೋರು ಒಂದೇ ಸಲ ನಿಲ್ಲಿಸ್ದೆ ಚರ್ಮದ ಡಾಕ್ಟರ್ ಹತ್ರ ಹೋಗಿ. ಅಲ್ಲಿಗೆ ಹೋದಾಗ ಮೈಮೇಲೆ ಬಣ್ಣ, ಆಕಾರ, ಗಾತ್ರ ಬದಲಾಗ್ತಿರೋ ಮಚ್ಚೆ ಯಾವುದಾದ್ರೂ ಇದ್ರೆ ಅದನ್ನೂ ತೋರಿಸ್ಬಿಡಿ.