ಯಾವ ಕಿಲ್ಮೋರ್?

ನಮ್ಮ ಧಾರವಾಡದ ಕಡೆ ಹೆಳವರು ಬರುತ್ತಾರೆ. ಮನೆ ಮುಂದೆ ನಿಂತು ಮುತ್ತಜ್ಜನ ಅಪ್ಪನ ಹೆಸರು, ಅವರು ಯಾವ ಊರಿಂದ ಎದ್ದು ಬಂದರು ಅನ್ನುವುದನ್ನೆಲ್ಲ ಹೇಳಿ, ಕಾಳು-ಕಡಿ ಇಸಿದುಕೊಂಡು ಹೋಗುತ್ತಾರೆ. ನಮ್ಮನೆಯವರು ಕೆನಡಾದವರು. ಅವರಿಗೆ ಹೆಳವರಿಲ್ಲ. ಇದ್ದದ್ದು ಅತ್ತೆಯ ಬೀರುವಿನಲ್ಲಿ ಒಂದು ದಪ್ಪ ಬೈಬಲ್. ಅದರ ನಡುವಿನ ಖಾಲಿ ಹಾಳೆಗಳಲ್ಲಿ ಮನೆಯವರ ಹುಟ್ಟು, ಮದುವೆ, ಸಾವು ಎಲ್ಲಾ ಬರೆದಿಟ್ಟಿದ್ದಾರೆ. ಮೊದಲ ಸಾಲಿನಲ್ಲಿ ಗ್ಲಾಸ್ಗೋಗೆ ಬಂದು ನೆಲೆಸಿದ ಹಿರಿಯರ ಹೆಸರು, ಪಕ್ಕದಲ್ಲಿ 'ಕಿಲ್ಮೋರ್, ಐರ್ಲೆಂಡ್'. ಅಷ್ಟೇ.

ಅಷ್ಟು ಸಾಕು ಅಂದುಕೊಂಡು ಮೊದಲ ಸಲ ಸೀದಾ ಐರ್ಲೆಂಡಿಗೆ ಹಾರಿದೆವು. ವೆಕ್ಸ್‌ಫರ್ಡ್ ಕೌಂಟಿಯ ಕಿಲ್ಮೋರ್‌ನಲ್ಲಿ ನಾಲ್ಕು ದಿನ ಮಳೆಯಲ್ಲಿ ಗೋರಿಕಲ್ಲು ಓದಿದೆವು. ಒಂದೂ ನಮ್ಮದಲ್ಲ. ಐರಿಷ್ ಭಾಷೆಯಲ್ಲಿ ಕಿಲ್ಮೋರ್ ಅಂದರೆ 'ದೊಡ್ಡ ಚರ್ಚು'. ಕ್ಯಾವನ್, ಆರ್ಮಾ, ರಾಸ್ಕಾಮನ್, ಎಲ್ಲಾ ಕಡೆ ಕಿಲ್ಮೋರ್ ಇದೆ. ನಮ್ಮಲ್ಲಿ ಹೊಸಹಳ್ಳಿ ಇಲ್ವಾ, ಹಾಗೆ. ತಪ್ಪು ಪೂರ್ತಿ ನಮ್ಮದೇ.

ಎರಡನೇ ಸಲ ಬುದ್ಧಿ ಬಂದಿತ್ತು. ನಿಮ್ಮ ಮನೆತನವೂ ಐರ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಬಂದು ಆಮೇಲೆ ಬೇರೆ ಕಡೆ ಹೋಗಿದ್ದರೆ, ಹುಡುಕಾಟ ಸ್ಕಾಟ್ಲೆಂಡಿನಿಂದ ಶುರು ಮಾಡಿ. ಅಲ್ಲಿ 1855ರಿಂದ ಹುಟ್ಟು, ಮದುವೆ, ಸಾವು ಕಡ್ಡಾಯವಾಗಿ ದಾಖಲಾಗಿವೆ. ಸಾವಿನ ದಾಖಲೆಯಲ್ಲಿ ಸತ್ತವರ ಅಪ್ಪ-ಅಮ್ಮ ಇಬ್ಬರ ಹೆಸರೂ ಇರುತ್ತದೆ, ಅಮ್ಮನ ತವರಿನ ಅಡ್ಡಹೆಸರೂ ಸೇರಿ. ಈ ತವರಿನ ಹೆಸರು ಸಿಗದೆ ಐರ್ಲೆಂಡಿಗೆ ಹೋಗಬೇಡಿ. ಅಪ್ಪನ ಹೆಸರೊಂದನ್ನೇ ಹಿಡಿದು ಹೋದರೆ ಅದೇ ಹೆಸರಿನ ಹತ್ತು ಜನ ಸಿಗುತ್ತಾರೆ.

ದಾಖಲೆಗಳಲ್ಲಿ ಜಾಸ್ತಿ ಪಾಲು 'ಸ್ಕಾಟ್ಲೆಂಡ್ಸ್ ಪೀಪಲ್' ಜಾಲತಾಣದಲ್ಲೇ ದುಡ್ಡು ಕೊಟ್ಟು ನೋಡಬಹುದು. ನಾವು ಎಡಿನ್‌ಬರೋದ ಜನರಲ್ ರಿಜಿಸ್ಟರ್ ಹೌಸ್‌ಗೇ ಹೋದೆವು. ಅಲ್ಲಿ ಒಂದು ಸೀಟಿಗೆ ದಿನಕ್ಕಿಷ್ಟು ಅಂತ ಕಟ್ಟಿದರೆ ಎಷ್ಟು ಪುಟ ಬೇಕಾದರೂ ತೆಗೆದು ನೋಡಬಹುದು. ಸೀಟು ಮೊದಲೇ ಕಾದಿರಿಸಿ. ಕಟ್ಟಡದ ಮುಂದೆ ಕುದುರೆ ಏರಿದ ವೆಲಿಂಗ್ಟನ್ ಪ್ರತಿಮೆ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಸೈನ್ಯದಲ್ಲಿದ್ದ ಅದೇ ವೆಲ್ಲೆಸ್ಲಿ. ಅವನೂ ಡಬ್ಲಿನ್‌ನಲ್ಲಿ ಹುಟ್ಟಿದವನು. ನಾನು ಸುಮ್ನೆ ಒಂದು ಸಲ ದುರುಗುಟ್ಟಿ ನೋಡಿ ಒಳಗೆ ಹೋದೆ.

ಇನ್ನೊಂದು ಗುಟ್ಟು. ಸ್ಕಾಟ್ಲೆಂಡಿನ ಹಳೇ ಮನೆಗಳಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ರೂಢಿ ಇತ್ತು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮಗೆ ಇದು ಬೇಗ ಹೊಳೆಯುತ್ತದೆ. ನಮ್ಮನೆಯವರಿಗೆ ನಾನೇ ಹೇಳಿಕೊಡಬೇಕಾಯಿತು.

ಗಂಟು ಬಿಚ್ಚಿದ್ದು ಮಾತ್ರ ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲಿ. ಬಡವರು ಸಹಾಯಧನ ಕೇಳಿ ಹಾಕಿದ ಹಳೇ ಅರ್ಜಿಗಳು ನಗರದ ದಾಖಲೆ ವಿಭಾಗದಲ್ಲಿ ಅಲ್ಲೇ ಇವೆ. ಬೈಬಲ್‌ನಲ್ಲಿ ಈ ಬಡತನದ ಸುದ್ದಿಯೇ ಇಲ್ಲ. ಅರ್ಜಿಯಲ್ಲಿತ್ತು: ಕೂಲಿ, ಎದೆನೋವು, ಹೆಂಡತಿ, ನಾಲ್ಕು ಮಕ್ಕಳು, ಹುಟ್ಟಿದ್ದು ರಾಸ್ಕಾಮನ್ ಕೌಂಟಿಯ ಕಿಲ್ಮೋರ್. ನಮ್ಮನೆಯವರು ಆ ಪುಟದ ಮುಂದೆ ತುಂಬ ಹೊತ್ತು ಕೂತಿದ್ದರು.

ಐರ್ಲೆಂಡಿನ ಕತೆ ಬೇರೆ. 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯಲ್ಲಿ ಚೂರುಪಾರು ಬಿಟ್ಟು ಉಳಿದದ್ದೆಲ್ಲ ಬೂದಿ. ಆಮೇಲಿನ ನಾಲ್ಕು ಗಣತಿಗಳನ್ನು ಸರ್ಕಾರವೇ ಮೊದಲೇ ನಾಶ ಮಾಡಿಬಿಟ್ಟಿತ್ತು. ಆದರೆ 'ಎಲ್ಲಾ ಸುಟ್ಟುಹೋಗಿದೆ, ಏನೂ ಸಿಗಲ್ಲ' ಅನ್ನುವವರ ಮಾತು ನಂಬಬೇಡಿ. 1901 ಮತ್ತು 1911ರ ಗಣತಿ ಪೂರ್ತಿ ಉಚಿತವಾಗಿ ಅಂತರ್ಜಾಲದಲ್ಲಿದೆ. ನ್ಯಾಷನಲ್ ಲೈಬ್ರರಿ ಕ್ಯಾಥೊಲಿಕ್ ಚರ್ಚುಗಳ ಹಳೇ ಪುಸ್ತಕಗಳನ್ನೂ 2015ರಲ್ಲಿ ಹಾಕಿದೆ. ಅವುಗಳಲ್ಲಿ ಹೆಸರು ಎಷ್ಟೋ ಕಡೆ ಲ್ಯಾಟಿನ್‌ನಲ್ಲಿದೆ. ಜೇಮ್ಸ್ ಅಲ್ಲಿ ಯಾಕೋಬುಸ್, ವಿಲಿಯಂ ಗುಲಿಯೆಲ್ಮುಸ್.

ಇವೆಲ್ಲ ಮನೆಯಲ್ಲೇ ಕೂತು ನೋಡಿ ಮುಗಿಸುವ ಕೆಲಸ. ರಜೆ ಖರ್ಚು ಮಾಡಿ ಡಬ್ಲಿನ್‌ನ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರಬೇಡಿ. ಅಡ್ಡಹೆಸರನ್ನು ಮಾತ್ರ ನಾಲ್ಕಾರು ಥರ ಬರೆದು ಹುಡುಕಿ. ಅದರ ಶುರುವಿನಲ್ಲಿ ಬರುವ 'ಓ' ಅಥವಾ 'ಮ್ಯಾಕ್' ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ.

ನಮಗೆ ಸಿಕ್ಕಿದ್ದು ಆ ಗ್ಲಾಸ್ಗೋ ಹಿರಿಯರ, ಊರಲ್ಲೇ ಉಳಿದ ತಮ್ಮನ ಮನೆ. 1901ರಲ್ಲಿ ಅವನ ವಯಸ್ಸು 59. 1911ರಲ್ಲಿ 73! ಹತ್ತು ವರ್ಷದಲ್ಲಿ ಹದಿನಾಲ್ಕು ವಯಸ್ಸು. 1909ರಿಂದ ಎಪ್ಪತ್ತು ದಾಟಿದವರಿಗೆ ಪಿಂಚಣಿ ಶುರುವಾಗಿತ್ತು, ಆ ಗಣತಿಯಲ್ಲಿ ಎಷ್ಟೋ ಜನ ಹೀಗೇ ದಿಢೀರ್ ಮುದುಕರಾದರು. ಆದ್ದರಿಂದ ವಯಸ್ಸು ಹೊಂದಲಿಲ್ಲ ಅಂತ ಆ ಮನೆ ಬಿಟ್ಟು ಮುಂದೆ ಹೋಗಬೇಡಿ. ಅದೇ ಹಾಳೆಯಲ್ಲಿ ಹೆಂಡತಿಯ ಸಾಲಿನಲ್ಲಿ: ಹುಟ್ಟಿದ ಮಕ್ಕಳು 9, ಬದುಕಿರುವವರು 5. 1911ರ ಗಣತಿಯಲ್ಲಿ, ಮದುವೆಯಾಗಿದ್ದ ಹೆಂಗಸರನ್ನೆಲ್ಲ ಹೀಗೆ ಕೇಳಿ ಬರೆದುಕೊಂಡಿದ್ದಾರೆ.

ಗಣತಿ ಹಾಳೆಯಲ್ಲಿ 'ಟೌನ್‌ಲ್ಯಾಂಡ್' ಹೆಸರಿತ್ತು. ಹೆಸರಲ್ಲಿ ಟೌನ್ ಇದ್ದರೂ ಅದು ಪಟ್ಟಣವಲ್ಲ, ಕೆಲವು ಹೊಲ, ನಾಲ್ಕಾರು ಮನೆ ಸೇರಿದ ಜಾಗ. ಇಂಥವು 60,000ಕ್ಕೂ ಹೆಚ್ಚಿವೆ. ಇನ್ನು ಗ್ರಿಫಿತ್ಸ್ ವ್ಯಾಲ್ಯುಯೇಶನ್ ಅಂತ 1847ರಿಂದ 1864ರವರೆಗೆ ಮಾಡಿದ ಆಸ್ತಿ ಪಟ್ಟಿಯಿದೆ, ಅದೂ ಉಚಿತ. ಅದರಲ್ಲಿ ಗೇಣಿದಾರರ ಹೆಸರಿನ ಜೊತೆ ನಕ್ಷೆಯ ನಂಬರ್ ಇರುತ್ತದೆ. ಆ ನಕ್ಷೆಯ ಪ್ರಿಂಟ್ ಕೈಯಲ್ಲಿ ಹಿಡಿದೇ ಹೊರಡಿ.

ವೀಸಾ ಮಾತು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್, ಅರ್ಜಿ ಹಾಕಿದ್ದು ಕೆನಡಾದಿಂದ. ಹಾಗಾಗಿ ಬ್ರಿಟನ್ನಿಗೊಂದು, ಐರ್ಲೆಂಡಿಗೊಂದು ಮಾಡಿಸಬೇಕಾಯಿತು. ಭಾರತದಿಂದ ಹೋಗುವವರು ಬ್ರಿಟಿಷ್-ಐರಿಷ್ ವೀಸಾ ಯೋಜನೆ ವಿಚಾರಿಸಿ. ಒಂದರಲ್ಲೇ ಎರಡೂ ಕಡೆ ಓಡಾಡಬಹುದು, ಆದರೆ ವೀಸಾ ಕೊಟ್ಟ ದೇಶದಲ್ಲೇ ಮೊದಲು ಇಳಿಯಬೇಕು. ದಾಖಲೆ ಕೇಂದ್ರಗಳಲ್ಲಿ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಇಟ್ಟುಕೊಳ್ಳಿ. ಹಳ್ಳಿಗೆ ಗಮ್ ಬೂಟು ಬೇಕು. ಚರ್ಚಿಗೆ ಮೊದಲೇ ಫೋನ್ ಮಾಡಿ. ನಾವು ಮಾಡಲಿಲ್ಲ, ಬೀಗ ನೋಡಿ ವಾಪಸ್ ಬಂದೆವು.

ಕಿಲ್ಮೋರ್ ಕಡೆಗೆ ಡಬ್ಲಿನ್‌ನಿಂದ ಸ್ಲೈಗೋ ರೈಲು ಹತ್ತಿ ಕ್ಯಾರಿಕ್-ಆನ್-ಶಾನನ್‌ನಲ್ಲಿ ಇಳಿದು ಕಾರು ಬಾಡಿಗೆಗೆ ತಗೊಂಡೆವು. ಹೊಲದ ಯಜಮಾನರನ್ನು ಕೇಳಿಯೇ ಒಳಗೆ ಹೋದೆವು. ಅವರು ಪ್ರಿಂಟ್ ತಿರುಗಿಸಿ ನೋಡಿ, ಬೇಲಿ ಪಕ್ಕದ ತುರಚೆ ಗಿಡಗಳ ಕಡೆ ಕೈ ತೋರಿಸಿದರು. ಜನ ಬಾಳಿದ ಜಾಗದಲ್ಲೇ ಅದು ದಟ್ಟವಾಗಿ ಬೆಳೆಯುತ್ತದಂತೆ. ನಮ್ಮನೆಯವರು ಗಿಡ ಸರಿಸಿ ಕೈ ಹಾಕಿದರು. ಒಂದು ಸಾಲು ಕಲ್ಲು, ಹೊಸಿಲಿನಂಥ ಒಂದು ಚಪ್ಪಡಿ ಇತ್ತು. ಮೊಣಕೈವರೆಗೆ ಉರಿ, ಬೊಬ್ಬೆ. ಯಜಮಾನರು ನಗುತ್ತಾ ಅಲ್ಲೇ ಬೆಳೆದಿದ್ದ ಡಾಕ್ ಎಲೆ ಕಿತ್ತು ಕೈಗೆ ಉಜ್ಜಿದರು. ಅತ್ತೆಗೆ ವಿಡಿಯೋ ಕಾಲ್ ಮಾಡಿದರೆ ಅವರು ಕಲ್ಲು ನೋಡುವುದು ಬಿಟ್ಟು, "ಕೈಗೇನಾಯ್ತೋ?" ಅಂತ ಕೇಳಿದರು.