ಎಡ ಚಕ್ರದ ಸರಕ್ ಸರಕ್

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾರಿನಲ್ಲಿ ಒಂದು ಸದ್ದು ಸೇರಿಕೊಂಡಿತ್ತು. ಸಾಗರದ ಪೇಟೆಯೊಳಗೆ ಗಲಾಟೆಯಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಹೊಸನಗರದ ರಸ್ತೆ ಹಿಡಿದು ಊರು ದಾಟಿದ ಮೇಲೆ ಶುರುವಾಗುತ್ತಿತ್ತು: ಸರಕ್, ಸರಕ್, ಸರಕ್. ವೇಗ ಹೆಚ್ಚಿಸಿದರೆ ಸದ್ದುಗಳ ನಡುವಿನ ಬಿಡುವು ಕಡಿಮೆಯಾಗುತ್ತಿತ್ತು. 40 ದಾಟಿದರೆ ಗಾಳಿ, ಟೈರುಗಳ ಸದ್ದಿನಲ್ಲಿ ಅದು ಮುಳುಗಿಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಎಡಗಡೆ ಕೂತಿದ್ದ ಅಮ್ಮ, "ಯಾರೋ ಕತ್ತಿ ಮಸೆದ ಹಾಗೆ ಕೇಳ್ತದಲ್ಲೋ, ನನ್ನ ಮುಂದೇ ಎಲ್ಲೋ" ಅಂದಳು.

ಮೊದಲು ತೋರಿಸಿದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ಬಂದು, ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಭಾಗ) ಹೋಗಿದೆ, ಮುಂದಿನ ಎರಡೂ ಕಡೆ ಬದಲಾಯಿಸಿಬಿಡಿ ಎಂದರು. ಜ್ಯಾಕ್ ಹಾಕಲಿಲ್ಲ, ಚಕ್ರ ಬಿಚ್ಚಲಿಲ್ಲ. ನನಗೆ ಒಪ್ಪಿಗೆಯಾಗಲಿಲ್ಲ. ಕೆಟ್ಟ ಬೇರಿಂಗಿನ ಸದ್ದು ನನ್ನ ಮಾವನ ಜೀಪಿನಲ್ಲಿ ಸಾಕಷ್ಟು ಕೇಳಿದ್ದೇನೆ. ಅದು ಗುಂಯ್ ಎಂದು ಎಡೆಬಿಡದೆ ಬರುತ್ತದೆ, ವೇಗ ಏರಿದಷ್ಟೂ ಜೋರಾಗುತ್ತದೆ, ತಿರುವಿನಲ್ಲಿ ಬದಲಾಗುತ್ತದೆ. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಬಲಗಡೆಯ ಬೇರಿಂಗ್ ಹೋಗಿದ್ದರೆ ಆಗ ಅದು ಇನ್ನಷ್ಟು ಕೂಗುತ್ತದೆ. ನಮ್ಮ ಕಾರು ಬಿಟ್ಟು ಬಿಟ್ಟು ಕೆರೆಯುತ್ತಿತ್ತು. ತಿರುವಿನಲ್ಲೂ ಅದೇ, ನೇರ ರಸ್ತೆಯಲ್ಲೂ ಅದೇ.

ಭಾನುವಾರ ಬೆಳಗ್ಗೆ ಖಾಲಿ ರಸ್ತೆಗೆ ಹೋಗಿ ಸಮಾಧಾನವಾಗಿ ಕೇಳಿದೆ. ಸಮತಟ್ಟಾದ ಕಡೆ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೂ ಸದ್ದು ಅದೇ ಲಯದಲ್ಲಿ ಬಂತು. ನಿಂತಲ್ಲೇ ಎಂಜಿನ್ ರೇಸ್ ಮಾಡಿದರೆ ಸದ್ದೇ ಇಲ್ಲ. ಅಲ್ಲಿಗೆ ಎಂಜಿನ್ನು, ಕ್ಲಚ್ಚು ಪಾರಾದವು. ಆಮೇಲೆ ಪಕ್ಕದಲ್ಲಿ ಕೂತಿದ್ದ ಮಗಳಿಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಣಿಸು ಎಂದೆ. ಮೀಟರಿನ ಮುಳ್ಳು 20ರಲ್ಲಿ ನಿಂತಾಗ ಸೆಕೆಂಡಿಗೆ ಹೆಚ್ಚುಕಮ್ಮಿ ಮೂರು ಸಲ ಸರಕ್ ಎನ್ನುತ್ತಿತ್ತು. ನಮ್ಮದು 165/80 ಆರ್ 14 ಟೈರು. ಅದರ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ ಐದೂವರೆ ಮೀಟರ್, ಅಂದರೆ ಚಕ್ರ ಸುಮಾರು ಮೂರು ಸುತ್ತು. ಸುತ್ತಿಗೆ ಒಂದೇ ಸಲ! ಚಕ್ರದ ಜೊತೆ ತಿರುಗುವ ಯಾವುದೋ ಒಂದು ಜಾಗ, ತಿರುಗದೆ ನಿಂತಿರುವ ಇನ್ಯಾವುದಕ್ಕೋ ತಾಗುತ್ತಿದೆ ಎಂಬುದು ಅಷ್ಟರಲ್ಲೇ ಖಚಿತವಾಯಿತು. ಮಗಳು ಶಾಲೆಯ ಲೆಕ್ಕಕ್ಕಿಂತ ಹೆಚ್ಚು ಖುಷಿಯಿಂದ ಈ ಲೆಕ್ಕ ಮಾಡಿದಳು.

ಯಾವ ಕಡೆಯ ಚಕ್ರ ಎಂಬುದನ್ನು ಒಂದು ಜಂಬಿಟ್ಟಿಗೆ ಗೋಡೆ ಹೇಳಿತು. ರಸ್ತೆಯ ಎಡಕ್ಕೆ ಉದ್ದದ ಕಾಂಪೌಂಡ್, ಬಲಕ್ಕೆ ಬಯಲು ಇರುವ ಕಡೆ ಎರಡೂ ಕಡೆಯ ಗಾಜು ಇಳಿಸಿ ನಿಧಾನಕ್ಕೆ ಹೋದೆವು. ಗೋಡೆಗೆ ಬಡಿದು ಬಂದ ಸದ್ದು ಎಡ ಕಿಟಕಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅಮ್ಮನ ಕಿವಿ ಸರಿಯಾಗಿಯೇ ಇತ್ತು.

ಕೊನೆಯದಾಗಿ ಬ್ರೇಕು. ಪೆಡಲ್ ಮೇಲೆ ಕಾಲನ್ನು ಹಗುರವಾಗಿ ಇಟ್ಟ ಕೂಡಲೇ ಸದ್ದು ನಿಂತಿತು, ಕಾಲು ತೆಗೆದರೆ ಮತ್ತೆ ಬಂತು. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೂ ಅದರ ಹಿಂದಿರುವ ತಗಡಿಗೂ ನಡುವೆ ಜಲ್ಲಿ ಸಿಕ್ಕಿಕೊಂಡರೂ ಹೀಗೆ ಕೆರೆಯುವುದುಂಟು. ಆದರೆ ಕಲ್ಲಾಗಿದ್ದರೆ ಬ್ರೇಕ್ ಒತ್ತಿದರೂ ಅದು ತನ್ನ ಪಾಡಿಗೆ ಉಜ್ಜುತ್ತಲೇ ಇರಬೇಕಿತ್ತು. ಬ್ರೇಕ್ ಒತ್ತಿದಾಗ ಡಿಸ್ಕನ್ನು ಎರಡೂ ಕಡೆಯಿಂದ ಅದುಮುವ ಬ್ರೇಕ್ ಪ್ಯಾಡಿನ ಮೇಲೆ ನನ್ನ ಅನುಮಾನ ಗಟ್ಟಿಯಾಯಿತು. ಮನೆಗೆ ಬಂದು ನಿಲ್ಲಿಸಿ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿದೆ. ಹೆಚ್ಚೇನೂ ಬ್ರೇಕ್ ಹಾಕದೆ ಬಂದಿದ್ದೆವು, ಆದರೂ ಮುಂದಿನ ಎಡ ಚಕ್ರದಿಂದ ಝಳ ಬರುತ್ತಿತ್ತು. ಬಲಗಡೆಯದು ಉಗುರುಬೆಚ್ಚಗೂ ಇರಲಿಲ್ಲ.

ಸೋಮವಾರ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ತಗಡಿನ ಮಾಡು, ಒಬ್ಬ ಹುಡುಗ, ಅಷ್ಟೇ ಅವರ ಗ್ಯಾರೇಜು. ನಾನು ಹೇಳಿದ್ದನ್ನೆಲ್ಲ ಅಡ್ಡ ಬಾಯಿ ಹಾಕದೆ ಕೇಳಿದರು. "ಕಾಲಿಟ್ರೆ ನಿಲ್ತದಾ ಸಾರ್? ಹಂಗಾದ್ರೆ ಬೇರಿಂಗ್ ಮಾತು ಆಮೇಲೆ" ಎಂದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಎಡಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು, ಒಂದಿಷ್ಟೂ ಆಟ ಇರಲಿಲ್ಲ. ಕೈಯಲ್ಲಿ ತಿರುಗಿಸಿದರೆ ಒಂದು ಜಾಗಕ್ಕೆ ಬಂದಾಗ ಬಿಗಿಯಾಗುತ್ತಿತ್ತು. ಟೈರಿನ ಆ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದು ಮತ್ತೆ ಮತ್ತೆ ತಿರುಗಿಸಿದರು. ಗೆರೆ ಕೆಳಗೆ ಬಂದಾಗಲೆಲ್ಲ ಸರಕ್. ಡಿಸ್ಕು ಕಣ್ಣಿಗೆ ಕಾಣದಷ್ಟು ವಾಲಿತ್ತು. ಅಷ್ಟು ಎಲ್ಲ ಗಾಡಿಯಲ್ಲೂ ಇರ್ತದೆ, ಪ್ಯಾಡ್ ಹಿಂದೆ ಸರಿದರೆ ಅದು ತಾಗೋದೇ ಇಲ್ಲ ಎಂದರು.

ಹಾಗಾದರೆ ಪ್ಯಾಡು ಯಾಕೆ ಸರಿಯುತ್ತಿಲ್ಲ? ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದಾಗ ಉತ್ತರ ಸಿಕ್ಕಿತು. ಈ ಥರದ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದು ತರುತ್ತದೆ. ನಮ್ಮ ಗಾಡಿಯಲ್ಲಿ ಕೆಳಗಿನ ಪಿನ್ನಿನ ರಬ್ಬರ್ ಬೂಟು ಹರಿದಿತ್ತು. ಮಳೆಗಾಲವಿಡೀ ಕೆಂಪು ರಾಡಿ ನೀರು ಒಳಗೆ ಹೋಗಿ, ಗ್ರೀಸು ಒಣಗಿ, ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಾನಾ ಹಾಕಿ ತಿರುಗಿಸಿ ತಿರುಗಿಸಿ ಎಳೆದಾಗ ಕಾಫಿಪುಡಿ ಬಣ್ಣದ ಹುಡಿ ಉದುರಿತು. ಎರಡು ಪ್ಯಾಡುಗಳನ್ನು ನನ್ನ ಅಂಗೈ ಮೇಲೆ ಇಟ್ಟರು. ಹೊರಗಿನದರಲ್ಲಿ ಇನ್ನೂ ದಪ್ಪ ಉಳಿದಿತ್ತು, ಒಳಗಿನದು ಎರಡು ಮಿಲಿಮೀಟರಿಗೆ ಸವೆದಿತ್ತು. ಇದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಎರಡು ಬೇರಿಂಗ್ ಹಾಕಿಸಿಕೊಂಡು, ಈ ಪ್ಯಾಡಿನ ಮೇಲೆ ಭರವಸೆಯಿಟ್ಟು ಆಗುಂಬೆ ಘಾಟಿ ಇಳಿಯುವುದಿತ್ತು ನಾವು, ಅಮ್ಮನನ್ನೂ ಕರೆದುಕೊಂಡು.

ಆಮೇಲಿನ ಕೆಲಸವನ್ನು ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿಗೆ ಜೋತುಬಿಡದೆ, ತಂತಿಯಲ್ಲಿ ಮೇಲಿನ ಸ್ಪ್ರಿಂಗಿಗೆ ಕಟ್ಟಿದ್ದರು. ಪಿನ್ನನ್ನು ಎಮೆರಿ ಪೇಪರಿನಲ್ಲಿ ತಿಕ್ಕಿ ನೋಡಿದರು. ಗುಳಿ ಬಿದ್ದಿದ್ದರಿಂದ ಹೊಸದನ್ನೇ ತರಿಸಿದರು. ಹುಡುಗ ಎಂದಿನ ಗ್ರೀಸ್ ಡಬ್ಬಿ ತಂದಾಗ, "ಅದಲ್ವೋ, ರಬ್ಬರ್ ಉಬ್ತದೆ" ಎಂದು ಗದರಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಸವರಿದರು. ಒಂದೇ ಕಡೆ ಹೊಸ ಪ್ಯಾಡ್ ಹಾಕಿದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆಂದು ಬಲಗಡೆಯದನ್ನೂ ಬದಲಾಯಿಸಿದರು. ಅಲ್ಲಿಯ ಪಿನ್ನುಗಳು ಬೆರಳಲ್ಲಿ ತಳ್ಳಿದರೆ ಜಾರುತ್ತಿದ್ದವು. ನಟ್ಟುಗಳನ್ನು ಎದುರು ಬದಿರು ಬಿಗಿದು, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿದ ಮೇಲೆಯೇ ಗಾಡಿ ಮುಂದಕ್ಕೆ ತೆಗೆದರು. ಮೊದಲಿನ ಗ್ಯಾರೇಜಿನವರು ಬೇರಿಂಗಿಗೆ ಹೇಳಿದ್ದ ದುಡ್ಡಿನ ಅರ್ಧವೂ ಆಗಲಿಲ್ಲ.

"ಪ್ರತಿ ಮಳೆಗಾಲ ಕಳೆದ ಮೇಲೆ ಈ ಪಿನ್ ಒಂದ್ಸಲ ಬಿಚ್ಚಿಸಿ ನೋಡಿ ಸಾರ್, ನಮ್ಮ ಕಡೆ ರಸ್ತೆಗೆ ಅದು ಬೇಕೇ ಬೇಕು" ಎಂದರು. ಹಾಗೇ ಮಾಡಿಸುತ್ತಿದ್ದೇನೆ. ಬೇರಿಂಗುಗಳು ಹಳೆಯವೇ ಇವೆ.