ಬಿಟ್ಟಿ ಮೀನಿನ ನೆನಪು

‘ನಂಬಿಕೆಗೆ ಬಂದು ಇಷ್ಟು ವರ್ಷವಾಯಿತು, ಲೋಕದ ಸೆಳೆತ ಇನ್ನೂ ಏಕೆ ಹೋಗಿಲ್ಲ? ಪ್ರಾರ್ಥನೆಗೆ ಮೊದಲಿದ್ದ ಹಸಿವೂ ಈಗ ಇಲ್ಲ.’ ಆರಾಧನೆ ಮುಗಿದು ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಯಾರಾದರೊಬ್ಬರು ದನಿ ತಗ್ಗಿಸಿ ಹೀಗೆ ಕೇಳುತ್ತಾರೆ. ನಾನು ಇದನ್ನೆಲ್ಲ ದಾಟಿ ಬಂದವನೆಂದು ಅವರ ಎಣಿಕೆ. ದಾಟಿಲ್ಲ.

ಅವರಿಗೆ ಬೈಬಲಿನ ಅರಣ್ಯಕಾಂಡದ 11ನೆಯ ಅಧ್ಯಾಯ ಓದಲು ಹೇಳುತ್ತೇನೆ. ಗುಲಾಮರಾಗಿ ದುಡಿದ ಐಗುಪ್ತ, ಅಂದರೆ ಈಜಿಪ್ಟ್, ಬಿಟ್ಟು ಎರಡನೆಯ ವರ್ಷ ನಡೆಯುತ್ತಿರುವಾಗ ಇಸ್ರಾಯೇಲರು ಡೇರೆಗಳ ಬಾಗಿಲಲ್ಲಿ ಅಳುತ್ತಾರೆ. ಅಲ್ಲಿ ಬಿಟ್ಟಿಯಾಗಿ ತಿನ್ನುತ್ತಿದ್ದ ಮೀನು, ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿ ನೆನಪಿಗೆ ಬರುತ್ತಿವೆಯಂತೆ. ಬಿಟ್ಟಿಯಾಗಿ! ಮಣ್ಣಿಗೆ ಬೆರೆಸುವ ಹುಲ್ಲು ಕೊಡದೆ ಇಟ್ಟಿಗೆಯ ಲೆಕ್ಕ ಮಾತ್ರ ಕೇಳುತ್ತಿದ್ದವರು, ಬೆನ್ನಿಗೆ ಬಿದ್ದ ಏಟುಗಳು, ಯಾವುದೂ ಆ ಅಳುವಿನಲ್ಲಿ ಇಲ್ಲ. ಬೆಳ್ಳುಳ್ಳಿ ಮಾತ್ರ ಇದೆ. ಹಿಂದೊಮ್ಮೆ ಬಿಟ್ಟುಬಂದ ಕೆಲಸದ ಸಂಬಳ ನೆನೆದು ನಾನು ನಿಟ್ಟುಸಿರು ಬಿಡುವುದುಂಟು. ಆ ಸಂಬಳಕ್ಕಾಗಿ ಹೇಳಿದ ಸುಳ್ಳುಗಳು, ನಿದ್ದೆಯಿಲ್ಲದ ರಾತ್ರಿಗಳು ಆಗ ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನೊಂದು ಸಂಗತಿ. ಅತ್ತವರು ಹಸಿದವರಲ್ಲ. ದೇವರು ಕೊಡುತ್ತಿದ್ದ ಆಹಾರ, ಕೊತ್ತಂಬರಿ ಕಾಳಿನಂತಹ ಮನ್ನ, ರಾತ್ರಿಯ ಇಬ್ಬನಿಯೊಡನೆ ಪಾಳೆಯದ ಮೇಲೆ ಬೀಳುತ್ತಿತ್ತು. ಬೀಸಿಯೋ ಕುಟ್ಟಿಯೋ ಬೇಯಿಸಿ ತಿನ್ನುತ್ತಿದ್ದರು. ಅದು ಹಸಿವಲ್ಲ, ಬಾಯಿಚಪಲ. ನಮ್ಮ ಕಥೆಯೂ ಇಷ್ಟೇ ಎಂದು ನನ್ನ ಅನುಮಾನ. ಅಜ್ಜಿಯರು ಊಟಕ್ಕೆ ಮುಂಚೆ ಮಕ್ಕಳ ಕೈಗೆ ಚಕ್ಕುಲಿ ಸಿಗದಂತೆ ಡಬ್ಬಿ ಮೇಲಿಡುತ್ತಿದ್ದರು. ಚಕ್ಕುಲಿ ಪಾಪವೆಂದಲ್ಲ, ಅನ್ನ ಸೇರುವುದಿಲ್ಲವೆಂದು. ಸಭೆಯಲ್ಲಿ ಕುಡಿತ, ಜೂಜು, ಸಿನಿಮಾ ಎಂದು ದೊಡ್ಡ ದನಿಯಲ್ಲಿ ಎಚ್ಚರಿಸುತ್ತೇವೆ. ಚಕ್ಕುಲಿಯ ಮಾತು ಯಾರೂ ಎತ್ತುವುದಿಲ್ಲ.

ಅತ್ತವರಿಗೆ ಕೇಳಿದ ಮಾಂಸವೇನೋ ಸಿಕ್ಕಿತು. ಮೂಗಿನಿಂದ ಹೊರಬಂದು ಅಸಹ್ಯವಾಗುವಷ್ಟು ಲಾವಕ್ಕಿ. ಅದು ಇನ್ನೂ ಹಲ್ಲಿನ ನಡುವೆ ಇರುವಾಗಲೇ ವ್ಯಾಧಿ ಬಡಿಯಿತು. ಸತ್ತವರನ್ನು ಹೂಳಿದ ಜಾಗಕ್ಕೆ ‘ಆಸೆಯ ಗೋರಿಗಳು’ ಎಂಬ ಅರ್ಥದ ಹೆಸರೇ ನಿಂತಿತು. ಬೈಬಲಿನ 106ನೆಯ ಕೀರ್ತನೆ ಇದನ್ನು ನೆನೆಯುವಾಗ, ಕೇಳಿದ್ದು ಸಿಕ್ಕಿತು, ಪ್ರಾಣ ಮಾತ್ರ ಸೊರಗಿತು ಎಂಬ ಅರ್ಥದ ಮಾತು ಬರುತ್ತದೆ. ಬಯಸಿದ್ದು ಕೈಗೆ ಬಂದ ದಿನಗಳಲ್ಲೇ ನನ್ನ ಪ್ರಾರ್ಥನೆ ಅತಿ ಒಣಗಿದ್ದು.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ನಾನು ಮಾಡುವುದು ಸಣ್ಣದು. ಬಿಸಿಲೇರಿದರೆ ಮನ್ನ ಕರಗಿಹೋಗುತ್ತಿತ್ತು. ನನ್ನ ಬಿಸಿಲು ಮೊಬೈಲ್. ರಾತ್ರಿ ಅದನ್ನು ಅಡುಗೆಮನೆಯ ಅಕ್ಕಿ ಡಬ್ಬಿಯ ಮೇಲೆ ಇಟ್ಟು ಮಲಗುತ್ತೇನೆ. ಬೆಳಗ್ಗೆ ದೇವರ ವಾಕ್ಯ ಓದುವಾಗ ಹೆಚ್ಚಿನ ದಿನ ಏನೂ ಅನ್ನಿಸುವುದಿಲ್ಲ. ಕೆಲವು ದಿನ ಹೊಟ್ಟೆ ಚುರುಗುಟ್ಟಿದಂತೆ ಒಳಗೆ ಏನೋ ಕದಲುತ್ತದೆ.